ಹೃದಯದ ಬಗ್ಗೆ ‘ಹೊಸ ಸಂಶೋಧನೆ’ ಬಂದಾಗ ಅದನ್ನು ಓದುವುದು ಹೇಗೆ?

“ಸ್ಟೆಂಟ್ ಹಾಕಿಸಿಕೊಂಡರೂ ಒಂದೇ, ಬಿಟ್ಟರೂ ಒಂದೇ ಅಂತ ಬಂದಿದೆಯಲ್ಲ, ಹೌದಾ?” “ದಿನಾ ಆಸ್ಪಿರಿನ್ ತಗೋಬೇಕಾ, ಬೇಡ್ವಾ? ಒಂದು ಸಲ ಬೇಕು ಅಂತಾರೆ, ಇನ್ನೊಂದು ಸಲ ಬೇಡ ಅಂತಾರೆ.” “ಈ ಮಾತ್ರೆ ಸಾವನ್ನು ಶೇಕಡಾ 30ರಷ್ಟು ಇಳಿಸುತ್ತದಂತೆ, ನನಗ್ಯಾಕೆ ಬರೆದುಕೊಟ್ಟಿಲ್ಲ?”

ಓದುಗರಿಂದ ಹೆಚ್ಚುಕಮ್ಮಿ ಇವೇ ಮೂರು ಪ್ರಶ್ನೆಗಳು ತಿರುಗಿ ತಿರುಗಿ ಬರುತ್ತವೆ. ಸುದ್ದಿ ಬದಲಾಗುತ್ತದೆ, ಔಷಧಿಯ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಅದಕ್ಕೇ ಒಂದೊಂದು ಸುದ್ದಿಗೂ ಉತ್ತರ ಬರೆಯುವುದನ್ನು ಬಿಟ್ಟು, ಇಂಥ ಸುದ್ದಿಯನ್ನು ನೀವೇ ಬಿಡಿಸಿ ನೋಡುವ ದಾರಿಯನ್ನು ಇಲ್ಲಿ ಬರೆದಿದ್ದೇನೆ. ನೀವು ಮೆಡಿಕಲ್ ಓದಿರಬೇಕಿಲ್ಲ. ಕೂಡಿಸಿ ಕಳೆಯುವ ಲೆಕ್ಕ ಬಂದರೆ ಸಾಕು.

ಶುರು ಮಾಡುವ ಮೊದಲು ಎರಡು ಎಚ್ಚರಿಕೆ. ಒಂದು, ಎದೆನೋವು, ಎದೆ ಬಿಗಿತ, ತಣ್ಣನೆಯ ಬೆವರು, ಇದ್ದಕ್ಕಿದ್ದಂತೆ ಉಸಿರು ಕಟ್ಟುವುದು ಇವೆಲ್ಲ ಈಗಲೇ ಆಗುತ್ತಿದ್ದರೆ ಓದುತ್ತಾ ಕೂರಬೇಡಿ, ಆಂಬುಲೆನ್ಸ್‌ಗೆ ಫೋನ್ ಮಾಡಿ. ಎರಡು, ಯಾವ ಸಂಶೋಧನೆ ಓದಿದರೂ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ (ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡ ಹೊಸತರಲ್ಲಿ ರಕ್ತ ತೆಳುವಾಗಿಸುವ ಮಾತ್ರೆ ಬಿಟ್ಟರೆ ಸ್ಟೆಂಟ್ ಒಳಗೇ ರಕ್ತ ಹೆಪ್ಪುಗಟ್ಟಬಹುದು. ಹೃದಯದ ಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆಗಳನ್ನು ದಿಢೀರ್ ಅಂತ ಬಿಟ್ಟರೆ ಎದೆನೋವು ಮರುಕಳಿಸಬಹುದು. ಓದಿದ್ದು ಡಾಕ್ಟರ ಹತ್ತಿರ ಕೇಳುವುದಕ್ಕೆ, ನಾವೇ ಡಾಕ್ಟರಾಗುವುದಕ್ಕಲ್ಲ.

ಬೇಕಾಗುವುದು ಏನೇನು

ಒಂದು ಹಾಳೆ, ಪೆನ್ನು. ನಿಮ್ಮದೇ ಹಳೆಯ ರಿಪೋರ್ಟುಗಳ ಫೈಲು: ಇಸಿಜಿ, ಎಕೋ, ಆಂಜಿಯೋಗ್ರಾಂ (ಹೃದಯದ ರಕ್ತನಾಳಗಳ ಚಿತ್ರ) ಇದ್ದರೆ ಅದು, ರಕ್ತಪರೀಕ್ಷೆಗಳು. ಮತ್ತೆ ಮುಖ್ಯವಾಗಿ, ಸುದ್ದಿಯ ಹಿಂದಿರುವ ಮೂಲ ಲೇಖನದ ಸಾರಾಂಶ. ಇದನ್ನು ‘ಅಬ್‌ಸ್ಟ್ರಾಕ್ಟ್’ ಅನ್ನುತ್ತಾರೆ, ಒಂದು ಪುಟವೂ ಇರುವುದಿಲ್ಲ. ಇಡೀ ಲೇಖನಕ್ಕೆ ಹಣ ಕೇಳಿದರೂ ಸಾರಾಂಶ ಸಾಮಾನ್ಯವಾಗಿ ಪುಕ್ಕಟೆ ಸಿಗುತ್ತದೆ.

ಹಂತ 1: ಸುದ್ದಿ ಬಿಡಿ, ಮೂಲ ಹುಡುಕಿ

ಸುದ್ದಿಯಲ್ಲಿ ವೈದ್ಯಕೀಯ ಪತ್ರಿಕೆಯ ಹೆಸರೋ, ಪ್ರಯೋಗದ ಹೆಸರೋ ಸಾಮಾನ್ಯವಾಗಿ ಇರುತ್ತದೆ. ಹೃದಯತಜ್ಞರಿಗೆ ತಮ್ಮ ಪ್ರಯೋಗಗಳಿಗೆ ಚಂದದ ಗಿಡ್ಡ ಹೆಸರಿಡುವ ಚಟ ಇದೆ. ಕಾಸ್ಟ್, ಕರೇಜ್, ಆರ್ಬಿಟಾ, ಜುಪಿಟರ್ ಹೀಗೆ. ಆ ಹೆಸರನ್ನು ‘ಪಬ್‌ಮೆಡ್’ ಎಂಬ ತಾಣದಲ್ಲಿ ಹಾಕಿದರೆ ಸಾರಾಂಶ ಸಿಗುತ್ತದೆ. ಪಬ್‌ಮೆಡ್ ಅಂದರೆ ವೈದ್ಯಕೀಯ ಲೇಖನಗಳ ದೊಡ್ಡ ಸೂಚಿ, ಯಾರು ಬೇಕಾದರೂ ನೋಡಬಹುದು.

ಇಲ್ಲಿ ಎಡವುವ ಜಾಗ: ಮೂಲವೇ ಸಿಗದಿದ್ದರೆ ಅದು ಸಮ್ಮೇಳನದಲ್ಲಿ ಮಂಡಿಸಿದ ವಿಷಯ ಇರಬಹುದು, ಇಲ್ಲವೇ ಕಂಪನಿಯ ಪತ್ರಿಕಾ ಪ್ರಕಟಣೆ ಇರಬಹುದು. ಬೇರೆ ತಜ್ಞರು ತಿದ್ದಿ ನೋಡುವ ಮೊದಲೇ ಹೊರಬಿಟ್ಟ ‘ಪ್ರೀಪ್ರಿಂಟ್’ ಕೂಡ ಇರಬಹುದು. ಅದು ಸುಳ್ಳು ಅಂತಲ್ಲ, ಇನ್ನೂ ಹಸಿ. ಮೊದಲ ಸಾಲಿನಲ್ಲೇ ಇಲಿ ಅಂತಲೋ, ಜೀವಕೋಶ ಅಂತಲೋ ಇದ್ದರೆ ಹಾಳೆ ಮಡಚಿಡಿ. ನಿಮ್ಮ ಔಷಧಿ ಚೀಟಿಗೂ ಅದಕ್ಕೂ ಸದ್ಯಕ್ಕೆ ಸಂಬಂಧವಿಲ್ಲ.

ಹಂತ 2: ನೋಡಿದ್ದಾ, ಮಾಡಿದ್ದಾ?

ಸಂಶೋಧನೆಯಲ್ಲಿ ದೊಡ್ಡದಾಗಿ ಎರಡು ಜಾತಿ. ಜನ ತಮ್ಮ ಪಾಡಿಗೆ ಬದುಕುತ್ತಿರುವುದನ್ನು ವರ್ಷಗಟ್ಟಲೆ ಗಮನಿಸುವುದು ಒಂದು. ಯಾರಿಗೆ ಯಾವ ಚಿಕಿತ್ಸೆ ಅಂತ ಸಂಶೋಧಕರೇ ಚೀಟಿ ಎತ್ತಿದ ಹಾಗೆ ಹಂಚುವುದು ಇನ್ನೊಂದು. ಎರಡನೆಯದಕ್ಕೆ ‘ರ‍್ಯಾಂಡಮ್ ಹಂಚಿಕೆಯ ಪ್ರಯೋಗ’ ಅನ್ನುತ್ತಾರೆ.

ಗಮನಿಸುವ ಅಧ್ಯಯನವನ್ನು ಕೀಳಾಗಿ ನೋಡುವಂತಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 1948ರಲ್ಲಿ 5,209 ಜನರನ್ನು ಹಿಡಿದು ಶುರುವಾದದ್ದು ಇಂಥದ್ದೇ ಕೆಲಸ. ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಇವು ಹೃದಯಕ್ಕೆ ಅಪಾಯ ಅಂತ ನಮಗೆಲ್ಲ ಇವತ್ತು ಗೊತ್ತಿರುವುದರಲ್ಲಿ ಅದರ ಪಾಲು ದೊಡ್ಡದು. ಆದರೆ ‘ಇದನ್ನು ತೆಗೆದುಕೊಂಡರೆ ಹೃದಯಕ್ಕೆ ಒಳ್ಳೆಯದು’ ಎಂಬ ಮಾತಿಗೆ ಬರೀ ಗಮನಿಸಿದ್ದು ಸಾಲದು.

ಯಾಕೆ ಅಂತ ಹಾರ್ಮೋನ್ ಮಾತ್ರೆಯ ಕತೆ ಹೇಳುತ್ತದೆ. ಮುಟ್ಟು ನಿಂತ ಮೇಲೆ ಹಾರ್ಮೋನ್ ತೆಗೆದುಕೊಳ್ಳುವ ಹೆಂಗಸರಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಹಲವು ಗಮನಿಕೆಯ ಅಧ್ಯಯನಗಳು ಹೇಳಿದ್ದವು. ಆಮೇಲೆ 16,608 ಮಹಿಳೆಯರಿಗೆ ಚೀಟಿ ಎತ್ತಿ ಹಂಚಿ ನೋಡಿದರು. ಹಾರ್ಮೋನ್ ತೆಗೆದುಕೊಂಡವರಲ್ಲೇ ಹೃದಯದ ತೊಂದರೆ ಜಾಸ್ತಿ! 2002ರಲ್ಲಿ ಆ ಪ್ರಯೋಗವನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಮೊದಲಿನ ಲೆಕ್ಕ ಹಾಗೆ ಬಂದದ್ದಕ್ಕೆ ಮುಖ್ಯವಾಗಿ ಕೊಡುವ ಕಾರಣ ಇದು: ತಾವಾಗಿಯೇ ಹೋಗಿ ಹಾರ್ಮೋನ್ ಬರೆಸಿಕೊಳ್ಳುವವರು ಮೊದಲೇ ಆರೋಗ್ಯದ ಬಗ್ಗೆ ಕಾಳಜಿ ಇರುವವರು, ಕೈಯಲ್ಲಿ ನಾಲ್ಕು ಕಾಸು ಇರುವವರು. ಅವರ ಹೃದಯ ಚೆನ್ನಾಗಿದ್ದದ್ದು ಮಾತ್ರೆಯಿಂದಲ್ಲ. ವಯಸ್ಸು, ಮುಟ್ಟು ನಿಂತು ಎಷ್ಟು ವರ್ಷವಾಗಿತ್ತು ಎಂಬುದೂ ಎರಡು ಕಡೆ ಒಂದೇ ಇರಲಿಲ್ಲ.

ಹಾಳೆಯಲ್ಲಿ ಒಂದೇ ಪದ ಬರೆಯಿರಿ: ‘ನೋಡಿದ್ದು’ ಅಥವಾ ‘ಹಂಚಿದ್ದು’. ಮೊದಲನೆಯದಾದರೆ ‘ನಂಟಿದೆ’ ಅಂತ ಓದಿ, ‘ಕಾರಣ’ ಅಂತ ಓದಬೇಡಿ.

ಹಂತ 3: ಯಾರ ಮೇಲೆ ಮಾಡಿದ್ದು? ಅವರಲ್ಲಿ ನೀವಿದ್ದೀರಾ?

ಆಸ್ಪಿರಿನ್ ಪ್ರಶ್ನೆಗೆ ಉತ್ತರ ಈ ಹಂತದಲ್ಲೇ ಸಿಗುತ್ತದೆ.

1988ರಲ್ಲಿ ಪ್ರಕಟವಾದ ಐಸಿಸ್-2 ಎಂಬ ಪ್ರಯೋಗದಲ್ಲಿ ಇದ್ದವರು 17,187 ಜನ. ಎಲ್ಲರೂ ಹಾರ್ಟ್ ಅಟ್ಯಾಕ್ ಆಗಿದೆ ಅನ್ನುವ ಶಂಕೆಯಿಂದ ಆಸ್ಪತ್ರೆಗೆ ಬಂದವರು. ಆಸ್ಪಿರಿನ್ ಕೊಟ್ಟವರಲ್ಲಿ ಐದು ವಾರದೊಳಗೆ ಹೃದಯ, ರಕ್ತನಾಳದ ಕಾರಣದಿಂದ ಸತ್ತವರು ನೂರಕ್ಕೆ 9.4. ಕೊಡದವರಲ್ಲಿ 11.8. ಅಗ್ಗದ ಒಂದು ಮಾತ್ರೆಗೆ ಇದು ದೊಡ್ಡ ಗೆಲುವು. ಮೂವತ್ತು ವರ್ಷದ ಮೇಲೆ, 2018ರಲ್ಲಿ, ಆಸ್‌ಪ್ರೀ ಎಂಬ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ 19,114 ವಯಸ್ಸಾದವರು, ಬಹುಪಾಲು 70 ದಾಟಿದವರು. ಯಾರಿಗೂ ಹೃದಯದ ಕಾಯಿಲೆ ಕಾಣಿಸಿಕೊಂಡಿರಲಿಲ್ಲ. ಅವರಲ್ಲಿ ದಿನಾ ಆಸ್ಪಿರಿನ್ ಕೊಟ್ಟಿದ್ದರಿಂದ ಹೃದಯಕ್ಕೆ ಎದ್ದು ಕಾಣುವ ಲಾಭ ಆಗಲಿಲ್ಲ. ತೀವ್ರ ರಕ್ತಸ್ರಾವ ಮಾತ್ರ ನೂರಕ್ಕೆ 2.8 ಇದ್ದದ್ದು 3.8 ಆಯಿತು.

ಎರಡು ಸುದ್ದಿಯೂ ನಿಜ. ಒಂದು ಕಾಯಿಲೆ ಬಂದವರ ಬಗ್ಗೆ, ಇನ್ನೊಂದು ಬರದವರ ಬಗ್ಗೆ. ವೈದ್ಯರು ಇದನ್ನು ‘ಸೆಕೆಂಡರಿ ಪ್ರಿವೆನ್ಷನ್’, ‘ಪ್ರೈಮರಿ ಪ್ರಿವೆನ್ಷನ್’ ಅನ್ನುತ್ತಾರೆ. ಅಂದರೆ ಒಮ್ಮೆ ಆದದ್ದು ಮತ್ತೆ ಆಗದಂತೆ ತಡೆಯುವುದು, ಮತ್ತು ಆಗುವ ಮೊದಲೇ ತಡೆಯುವುದು. ನೀವು ಯಾವ ಗುಂಪು ಅಂತ ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆದುಕೊಳ್ಳಿ. ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಸೇರಿಸಿಕೊಂಡವರಷ್ಟೇ ಮುಖ್ಯ, ಹೊರಗಿಟ್ಟವರು. ಸ್ಟೆಂಟ್ ಬಗ್ಗೆ ಗದ್ದಲ ಎಬ್ಬಿಸಿದ ಇಸ್ಕೀಮಿಯಾ ಪ್ರಯೋಗವನ್ನೇ ನೋಡಿ. 2020ರಲ್ಲಿ ಪ್ರಕಟವಾಯಿತು, 5,179 ಜನ ಇದ್ದರು. ಆಂಜಿಯೋಗ್ರಾಂ ಮಾಡಿ ಬೇಕಾದರೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ ಗುಂಪಿನಲ್ಲಿ ಸತ್ತವರು 145, ಮೊದಲಿಗೆ ಮಾತ್ರೆಗಳಲ್ಲೇ ನೋಡಿಕೊಂಡ ಗುಂಪಿನಲ್ಲಿ 144. ‘ಸ್ಟೆಂಟ್ ವ್ಯರ್ಥ’ ಅಂತ ತಲೆಬರಹ ಬರುವುದಕ್ಕೆ ಇಷ್ಟು ಸಾಕಾಯಿತು. ಆದರೆ ಆಗಷ್ಟೇ ಹಾರ್ಟ್ ಅಟ್ಯಾಕ್ ಆದವರು ಇದರಲ್ಲಿ ಇರಲಿಲ್ಲ. ಎಡಗಡೆಯ ಮುಖ್ಯ ರಕ್ತನಾಳದಲ್ಲಿ ಅಡಚಣೆ ಇರುವವರನ್ನು, ಹೃದಯದ ಪಂಪು ತೀರಾ ಸೋತವರನ್ನು, ಮಾತ್ರೆಗೆ ಬಗ್ಗದ ಎದೆನೋವು ಇರುವವರನ್ನೂ ಸೇರಿಸಿಕೊಂಡಿರಲಿಲ್ಲ. ಹಾರ್ಟ್ ಅಟ್ಯಾಕ್ ನಡೆಯುತ್ತಿರುವಾಗ ಮುಚ್ಚಿದ ರಕ್ತನಾಳವನ್ನು ಬೇಗ ತೆರೆಯುವುದು ಜೀವ ಉಳಿಸುವ ಕೆಲಸ. ಇಸ್ಕೀಮಿಯಾ ಆ ಮಾತನ್ನು ಮುಟ್ಟಲೇ ಇಲ್ಲ.

ಹೆಂಗಸರು ಎಷ್ಟಿದ್ದರು ಅಂತಲೂ ನೋಡಿ. ಈ ಪ್ರಯೋಗದಲ್ಲಿ ಕಾಲು ಭಾಗಕ್ಕಿಂತ ಕಡಿಮೆ. ಹೃದಯದ ಪ್ರಯೋಗಗಳಲ್ಲಿ ಇದು ಹಳೆಯ ರೋಗ.

ಹಂತ 4: ಯಾವುದರ ಜೊತೆ ಹೋಲಿಸಿದರು?

ಒಂದು ಗುಂಪಿಗೆ ಔಷಧಿ, ಇನ್ನೊಂದಕ್ಕೆ ಏನು? ನೋಡಲು ಅದೇ ಥರ ಇರುವ, ಔಷಧಿ ಇಲ್ಲದ ಮಾತ್ರೆಗೆ ‘ಪ್ಲಸೀಬೊ’ ಅಂತ ಹೆಸರು. ಚಿಕಿತ್ಸೆ ಸಿಕ್ಕಿತು ಅನ್ನುವ ನಂಬಿಕೆಯಿಂದಲೇ ಎಷ್ಟೋ ಜನರಿಗೆ ಹಗುರ ಅನ್ನಿಸುತ್ತದೆ, ಅದನ್ನು ಲೆಕ್ಕದಿಂದ ಕಳೆಯುವುದಕ್ಕೆ ಇದು ಬೇಕು. ಮಾತ್ರೆಗಾದರೆ ಸುಲಭ. ಆಂಜಿಯೋಪ್ಲಾಸ್ಟಿಗೆ ಹುಸಿ ರೂಪ ಹೇಗೆ ಮಾಡುತ್ತೀರಿ?

ಬಲೂನಿನಿಂದ ಹೃದಯದ ರಕ್ತನಾಳ ಹಿಗ್ಗಿಸುವ ಕೆಲಸವನ್ನು 1977ರಲ್ಲಿ ಆಂಡ್ರಿಯಾಸ್ ಗ್ರುನ್‌ಟ್ಸಿಗ್ ಜ್ಯೂರಿಕ್‌ನಲ್ಲಿ ಮೊದಲು ಮಾಡಿದರು. ಎದೆನೋವಿಗೆ ಅದು ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ ಅಂತ ಹುಸಿ ಚಿಕಿತ್ಸೆಯ ಜೊತೆ ಇಟ್ಟು ನೋಡಿದ ಆರ್ಬಿಟಾ ಪ್ರಯೋಗ ಪ್ರಕಟವಾದದ್ದು 2017ರಲ್ಲಿ. ನಲವತ್ತು ವರ್ಷದ ಮೇಲೆ! ಒಂದೇ ರಕ್ತನಾಳದಲ್ಲಿ ಜೋರು ಅಡಚಣೆ ಇದ್ದ 200 ಜನರನ್ನು ತೆಗೆದುಕೊಂಡರು. ಎಲ್ಲರಿಗೂ ಮಂಪರು ಬರುವ ಔಷಧಿ, ಕಿವಿಗೆ ಹೆಡ್‌ಫೋನ್. ಅರ್ಧ ಜನರಿಗೆ ಸ್ಟೆಂಟ್ ಹಾಕಿದರು. ಉಳಿದವರನ್ನು ಟೇಬಲ್ ಮೇಲೆ ಅಷ್ಟು ಹೊತ್ತು ಮಲಗಿಸಿ, ಏನೂ ಹಾಕದೆ ಕಳಿಸಿದರು. ಯಾರಿಗೆ ಏನಾಯಿತು ಅಂತ ರೋಗಿಗೂ ಗೊತ್ತಿಲ್ಲ, ಆಮೇಲೆ ಪರೀಕ್ಷೆ ಮಾಡಿದವರಿಗೂ ಗೊತ್ತಿಲ್ಲ. ಆರು ವಾರ ಬಿಟ್ಟು ಟ್ರೆಡ್‌ಮಿಲ್ ಮೇಲೆ ಓಡಿಸಿ ನೋಡಿದರೆ ಎರಡು ಗುಂಪಿನ ನಡುವಿನ ವ್ಯತ್ಯಾಸ 16.6 ಸೆಕೆಂಡು. ಆಕಸ್ಮಿಕವಾಗಿಯೂ ಬರಬಹುದಾದಷ್ಟು ಸಣ್ಣದು.

ಇಲ್ಲಿಗೇ ಓದು ನಿಲ್ಲಿಸಿದವರು ತುಂಬ ಜನ. ಆದರೆ ಆರ್ಬಿಟಾದಲ್ಲಿ ಎರಡೂ ಗುಂಪಿನವರಿಗೆ ಎದೆನೋವಿನ ಮಾತ್ರೆಗಳನ್ನು ಚೆನ್ನಾಗಿ ಕೊಟ್ಟಿದ್ದರು. ಅದೇ ತಂಡ 2023ರಲ್ಲಿ ಆರ್ಬಿಟಾ-2 ಮಾಡಿತು. ಈ ಸಲ 301 ಜನ, ಎದೆನೋವಿನ ಮಾತ್ರೆಗಳನ್ನು ನಿಲ್ಲಿಸಿ ಹೋಲಿಕೆ ಮಾಡಿದರು. ಆಗ ಸ್ಟೆಂಟ್ ಹಾಕಿದವರಿಗೆ ನೋವು ಕಡಿಮೆಯಾಯಿತು. ಎಲ್ಲರಿಗೂ ಪೂರ್ತಿ ಹೋಗಲಿಲ್ಲ, ಆದರೂ ವ್ಯತ್ಯಾಸ ಸ್ಪಷ್ಟವಾಗಿತ್ತು.

ಈಗ ಮೊದಲ ಪ್ರಶ್ನೆಗೆ ಬನ್ನಿ. ಸ್ಟೆಂಟ್ ವ್ಯರ್ಥವಾ? ಅಟ್ಯಾಕ್ ಆಗುತ್ತಿರುವಾಗ ಖಂಡಿತ ಅಲ್ಲ. ನಡೆದಾಗ ಬಂದು ಕೂತರೆ ಹೋಗುವ, ಎಷ್ಟೋ ದಿನದಿಂದ ಒಂದೇ ಸಮ ಇರುವ ಎದೆನೋವಿಗೆ ಅದು ನೋವು ಕಡಿಮೆ ಮಾಡುವ ಒಂದು ದಾರಿ, ಮಾತ್ರೆ ಇನ್ನೊಂದು ದಾರಿ. ಇಸ್ಕೀಮಿಯಾದಲ್ಲಿ ಸೇರಿದ್ದಂಥ ರೋಗಿಗಳಿಗೆ ಆಯಸ್ಸು ಹೆಚ್ಚಿಸುವ ದಾರಿ ಅಂತ ಮಾತ್ರ ಅದು ತೋರಿಸಿಕೊಂಡಿಲ್ಲ. ಒಂದು ಸಾಲಿನ ತಲೆಬರಹದಲ್ಲಿ ಇಷ್ಟೆಲ್ಲ ಹಿಡಿಸುವುದಿಲ್ಲ ಬಿಡಿ.

ಎಡವುವ ಜಾಗ: ‘ಚಿಕಿತ್ಸೆಗೆ ಮೊದಲು ಹೀಗಿತ್ತು, ಆಮೇಲೆ ಹೀಗಾಯಿತು’ ಅಂತ ಒಂದೇ ಗುಂಪಿನ ಲೆಕ್ಕ ಕೊಟ್ಟರೆ ನಂಬಬೇಡಿ. ಬಿಪಿ ಇಳಿಸಲು ಮೂತ್ರಪಿಂಡದ ನರಗಳನ್ನು ಸುಡುವ ಚಿಕಿತ್ಸೆಯನ್ನು 2014ರಲ್ಲಿ 535 ಜನರ ಮೇಲೆ ಹುಸಿ ಚಿಕಿತ್ಸೆಯ ಜೊತೆ ಹೋಲಿಸಿದರು. ನಿಜವಾದ ಚಿಕಿತ್ಸೆಯಲ್ಲಿ ಮೇಲಿನ ಬಿಪಿ ಸುಮಾರು 14 ಅಂಕ ಇಳಿಯಿತು. ಭೇಷ್ ಅಲ್ವಾ? ಹುಸಿ ಚಿಕಿತ್ಸೆಯಲ್ಲೂ ಸುಮಾರು 12 ಇಳಿದಿತ್ತು.

ಹಂತ 5: ಏನನ್ನು ಎಣಿಸಿದರು?

ನನ್ನನ್ನು ಕೇಳಿದರೆ ಈ ಲೇಖನದಲ್ಲಿ ಒಂದೇ ಹಂತ ನೆನಪಿಡಬೇಕು ಅಂದರೆ ಇದು. ಸಂಶೋಧಕರು ಎಣಿಸಿದ್ದು ಮನುಷ್ಯನಿಗೆ ಆದದ್ದನ್ನೋ, ಅಥವಾ ರಿಪೋರ್ಟಿನಲ್ಲಿ ಕಂಡ ಅಂಕಿಯನ್ನೋ? ಸಾವು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ನಡೆಯಲು ಆಗುವ ಕಷ್ಟ, ಇವು ಮನುಷ್ಯನಿಗೆ ಆಗುವಂಥವು. ಕೊಲೆಸ್ಟ್ರಾಲ್ ಅಂಕಿ, ಇಸಿಜಿಯ ಗೆರೆ, ಸ್ಕ್ಯಾನಿನ ಚಿತ್ರ, ಇವು ಬದಲಿಗೆ ಇಟ್ಟುಕೊಂಡ ಗುರುತುಗಳು. ಗುರುತು ಸರಿಹೋದರೆ ಮನುಷ್ಯನೂ ಸರಿಹೋಗುತ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ಅದು ಸರಿ. ತಪ್ಪಾದಾಗ ಎಷ್ಟು ತಪ್ಪಾಗಬಹುದು ಅನ್ನುವುದಕ್ಕೆ ಕಾಸ್ಟ್ ಪ್ರಯೋಗ ಇದೆ.

ಹಾರ್ಟ್ ಅಟ್ಯಾಕ್ ಆಗಿ ಬದುಕಿದವರಲ್ಲಿ ಹೃದಯ ನಡುನಡುವೆ ಹೆಚ್ಚುವರಿ ಮಿಡಿತ ಹೊಡೆಯುತ್ತದೆ. ಅಂಥ ಮಿಡಿತ ಜಾಸ್ತಿ ಇರುವವರು ದಿಢೀರ್ ಸಾಯುವುದೂ ಜಾಸ್ತಿ ಅಂತ ಗೊತ್ತಿತ್ತು. ಮಿಡಿತವನ್ನು ಅಡಗಿಸುವ ಮಾತ್ರೆಗಳೂ ಇದ್ದವು, ಎನ್‌ಕೈನೈಡ್, ಫ್ಲೆಕೈನೈಡ್ ಅಂತ. ಮಿಡಿತ ಅಡಗಿದರೆ ಸಾವೂ ತಪ್ಪುತ್ತದೆ ಅಂತ ಸಾಕಷ್ಟು ವೈದ್ಯರು ಬರೆದುಕೊಡುತ್ತಿದ್ದರು. ಯಾರಿಗಾದರೂ ಹಾಗೇ ಅನ್ನಿಸುತ್ತದೆ. ಕಾಸ್ಟ್‌ನವರು ಇನ್ನೂ ಎಚ್ಚರದಿಂದ, ಯಾರಲ್ಲಿ ಮಾತ್ರೆ ನಿಜವಾಗಿ ಮಿಡಿತ ಅಡಗಿಸುತ್ತದೋ ಅಂಥವರನ್ನೇ ಆರಿಸಿ ಹಂಚಿದರು. ಸರಾಸರಿ ಹತ್ತು ತಿಂಗಳಲ್ಲಿ ಈ ಮಾತ್ರೆ ತೆಗೆದುಕೊಂಡ 755 ಜನರಲ್ಲಿ 63 ಸಾವು. ಹುಸಿ ಮಾತ್ರೆಯ 743 ಜನರಲ್ಲಿ 26. ಇಸಿಜಿ ಚೆನ್ನಾಗಿತ್ತು, ಜನ ಸಾಯುತ್ತಿದ್ದರು. 1989ರಲ್ಲಿ ಈ ಎರಡು ಮಾತ್ರೆಗಳ ಭಾಗವನ್ನು ನಿಲ್ಲಿಸಿಬಿಟ್ಟರು.

ಇದು ಹಳೆಯ ಕತೆ ಅನ್ನುತ್ತೀರಾ? 2006ರಲ್ಲಿ ಟಾರ್ಸಿಟ್ರಾಪಿಬ್ ಎಂಬ ಮಾತ್ರೆಯದೂ ಅದೇ ಹಾಡು. ‘ಒಳ್ಳೆಯ ಕೊಲೆಸ್ಟ್ರಾಲ್’ ಅಂತ ಕರೆಯುವ ಎಚ್‌ಡಿಎಲ್ ಅನ್ನು ಅದು ಶೇಕಡಾ 72ರಷ್ಟು ಏರಿಸಿತು, ಕೆಟ್ಟದ್ದನ್ನು ಶೇಕಡಾ 25ರಷ್ಟು ಇಳಿಸಿತು. ಲ್ಯಾಬ್ ರಿಪೋರ್ಟ್ ನೋಡಿದರೆ ಹಬ್ಬ. ಹದಿನೈದು ಸಾವಿರ ಜನರ ಪ್ರಯೋಗದಲ್ಲಿ ಮಾತ್ರೆಯ ಗುಂಪಿನಲ್ಲಿ 93 ಸಾವು, ಇನ್ನೊಂದರಲ್ಲಿ 59. ಅದು ಬಿಪಿಯನ್ನೂ ಏರಿಸುತ್ತಿತ್ತು.

ಇನ್ನೊಂದು ಬಲೆ ಇದೆ, ‘ಕಾಂಪೋಸಿಟ್ ಎಂಡ್‌ಪಾಯಿಂಟ್’. ಅಂದರೆ ಹಲವು ಘಟನೆಗಳನ್ನು ಒಂದೇ ಬುಟ್ಟಿಗೆ ಹಾಕಿ ಎಣಿಸುವುದು. ಫೂರಿಯೇ ಎಂಬ 2017ರ ಪ್ರಯೋಗದಲ್ಲಿ 27,564 ಜನ. ಕೆಟ್ಟ ಕೊಲೆಸ್ಟ್ರಾಲ್ ಇಳಿಸುವ ಇಂಜೆಕ್ಷನ್ ಪಡೆದವರಲ್ಲಿ ಬುಟ್ಟಿಯ ಒಟ್ಟು ಲೆಕ್ಕ ನೂರಕ್ಕೆ 11.3ರಿಂದ 9.8ಕ್ಕೆ ಇಳಿಯಿತು. ಬುಟ್ಟಿಯೊಳಗೆ ಐದು ಸಾಮಾನು: ಹೃದಯದ ಕಾರಣದ ಸಾವು, ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಎದೆನೋವಿಗೆ ಆಸ್ಪತ್ರೆ ಸೇರುವುದು, ಸ್ಟೆಂಟ್ ಅಥವಾ ಬೈಪಾಸ್. ಬಿಡಿಸಿ ನೋಡಿದರೆ ಅಟ್ಯಾಕು, ಪಾರ್ಶ್ವವಾಯು ಕಡಿಮೆಯಾಗಿತ್ತು. ಸಾವಿನ ಲೆಕ್ಕ ಆ ಅವಧಿಯಲ್ಲಿ ಕಡಿಮೆಯಾಗಿರಲಿಲ್ಲ. ಔಷಧಿ ಕೆಟ್ಟದ್ದು ಅಂತ ಹೇಳುತ್ತಿಲ್ಲ, ಅಟ್ಯಾಕ್ ತಪ್ಪುವುದು ಸಣ್ಣ ಮಾತೇನಲ್ಲ. ಆದರೆ ಬುಟ್ಟಿ ಅಂತ ಕಂಡ ತಕ್ಷಣ ಒಳಗೆ ಕೈ ಹಾಕಿ, ಯಾವ ಹಣ್ಣು ಎಷ್ಟಿದೆ ಅಂತ ನೋಡಲೇಬೇಕು.

ಹಂತ 6: ಶೇಕಡಾವಾರನ್ನು ತಲೆಗಳಿಗೆ ಬದಲಾಯಿಸಿ

ಪೆನ್ನು ತೆಗೆದುಕೊಳ್ಳಿ. ‘ಸಾವಿನ ಅಪಾಯ ಶೇಕಡಾ 30 ಕಡಿಮೆ’ ಅನ್ನುವುದು ಹೋಲಿಕೆಯ ಲೆಕ್ಕ. ಯಾವುದರ ಶೇಕಡಾ 30 ಅಂತ ಕೇಳದಿದ್ದರೆ ಅದಕ್ಕೆ ಅರ್ಥವಿಲ್ಲ.

1994ರ ಫೋರ್-ಎಸ್ ಪ್ರಯೋಗದಲ್ಲಿ ಆಗಲೇ ಹೃದಯದ ಕಾಯಿಲೆ ಇದ್ದ 4,444 ಜನ ಇದ್ದರು. ಸುಮಾರು ಐದೂವರೆ ವರ್ಷದಲ್ಲಿ ಹುಸಿ ಮಾತ್ರೆಯವರಲ್ಲಿ ನೂರಕ್ಕೆ 11.5 ಜನ ಸತ್ತರು, ಕೊಲೆಸ್ಟ್ರಾಲ್ ಇಳಿಸುವ ಸಿಮ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ 8.2. ಹೋಲಿಕೆಯಲ್ಲಿ ಹತ್ತಿರ ಹತ್ತಿರ ಶೇಕಡಾ 30 ಕಡಿಮೆ. ನೇರವಾಗಿ ಕಳೆದರೆ ನೂರಕ್ಕೆ 3.3. ನೂರನ್ನು 3.3ರಿಂದ ಭಾಗಿಸಿ, ಸುಮಾರು 30 ಬರುತ್ತದೆ. ಅಂದರೆ ಅಂಥ 30 ಜನ ಐದೂವರೆ ವರ್ಷ ಮಾತ್ರೆ ತೆಗೆದುಕೊಂಡರೆ ಒಂದು ಸಾವು ತಪ್ಪುತ್ತದೆ. ಇದಕ್ಕೆ ‘ಎನ್‌ಎನ್‌ಟಿ’ ಅನ್ನುತ್ತಾರೆ, ಒಬ್ಬರಿಗೆ ಲಾಭವಾಗಲು ಎಷ್ಟು ಜನರಿಗೆ ಚಿಕಿತ್ಸೆ ಕೊಡಬೇಕು ಅನ್ನುವ ಅಂಕಿ. ಹೃದಯದ ಔಷಧಿಗಳಲ್ಲಿ 30 ಅಂದರೆ ಬಹಳ ಒಳ್ಳೆಯದು.

ಅದೇ ಶೇಕಡಾ 30 ಇಳಿಕೆಯನ್ನು ಕಾಯಿಲೆಯೇ ಇಲ್ಲದ, ಅಪಾಯ ನೂರಕ್ಕೆ 1 ಇರುವವರ ಗುಂಪಿಗೆ ಹಾಕಿ ನೋಡಿ. ನೂರಕ್ಕೆ 1 ಇದ್ದದ್ದು 0.7 ಆಗುತ್ತದೆ. ಒಬ್ಬರಿಗೆ ಲಾಭವಾಗಲು 333 ಜನ ನುಂಗಬೇಕು. ಮಾತ್ರೆ ಅದೇ, ತಲೆಬರಹವೂ ಅದೇ. ‘ನನಗ್ಯಾಕೆ ಬರೆದುಕೊಟ್ಟಿಲ್ಲ’ ಅನ್ನುವುದಕ್ಕೆ ಉತ್ತರ ಬಹಳ ಸಲ ಇಷ್ಟೇ.

ಹೆದರಿಸುವ ಸುದ್ದಿಗೂ ಇದೇ ಮದ್ದು. ಮೇಲೆ ಹೇಳಿದ ಹಾರ್ಮೋನ್ ಪ್ರಯೋಗದಲ್ಲಿ ಹೃದಯದ ಅಪಾಯ ‘ಶೇಕಡಾ 29 ಜಾಸ್ತಿ’ ಅಂತ ಸುದ್ದಿಯಾಯಿತು. ತಲೆಗಳಲ್ಲಿ ಹೇಳುವುದಾದರೆ, ಹತ್ತು ಸಾವಿರ ಮಹಿಳೆಯರಲ್ಲಿ ವರ್ಷಕ್ಕೆ 30 ಇದ್ದದ್ದು 37 ಆಯಿತು.

ಸಾರಾಂಶದಲ್ಲಿ ‘95% ಕಾನ್ಫಿಡೆನ್ಸ್ ಇಂಟರ್ವಲ್’ ಅಂತ ಎರಡು ಅಂಕಿ ಇರುತ್ತವೆ. ನಿಜವಾದ ಪರಿಣಾಮ ಸುಮಾರು ಇಲ್ಲಿಂದ ಇಲ್ಲಿಯವರೆಗೆ ಇರಬಹುದು ಅನ್ನುವ ಬೇಲಿ ಅದು. ಫೋರ್-ಎಸ್‌ನಲ್ಲಿ ಮಾತ್ರೆಯವರ ಸಾವಿನ ಅಪಾಯವನ್ನು ಹುಸಿ ಮಾತ್ರೆಯವರದ್ದರಿಂದ ಭಾಗಿಸಿದರೆ ಆ ಬೇಲಿ 0.58ರಿಂದ 0.85. ಒಂದು ಅಂದರೆ ವ್ಯತ್ಯಾಸವಿಲ್ಲ ಅಂತ. ಬೇಲಿ ಪೂರ್ತಿ ಒಂದಕ್ಕಿಂತ ಕೆಳಗಿದೆ, ಸರಿ. ಬೇಲಿ ಒಂದನ್ನು ದಾಟಿ ಎರಡೂ ಕಡೆ ಹರಡಿದ್ದರೆ ‘ಲಾಭವೋ ನಷ್ಟವೋ ಈ ಪ್ರಯೋಗದಿಂದ ಗೊತ್ತಾಗಲಿಲ್ಲ’ ಅಂತ ಓದಿ. ‘ಲಾಭವೇ ಇಲ್ಲ’ ಅಂತ ಓದಬೇಡಿ. ಸಣ್ಣ ಪ್ರಯೋಗದ ಬೇಲಿ ಯಾವಾಗಲೂ ಅಗಲ.

ಹಂತ 7: ‘ಇಂಥವರಿಗೆ ಮಾತ್ರ’ ಅಂದರೆ ಹುಬ್ಬೇರಿಸಿ

ಒಟ್ಟಾರೆ ಲಾಭ ಕಾಣದಾಗ ‘ಆದರೆ 60 ದಾಟಿದ, ಸಕ್ಕರೆ ಕಾಯಿಲೆ ಇರುವ ಗಂಡಸರಿಗೆ ಮಾತ್ರ ಕೆಲಸ ಮಾಡಿತು’ ಎಂಬಂಥ ಸಾಲು ಬರುತ್ತದೆ. ಐಸಿಸ್-2ರ ಸಂಶೋಧಕರು ಇದರ ಅಪಾಯ ತೋರಿಸಲು ಒಂದು ಚೇಷ್ಟೆ ಮಾಡಿದರು. ರೋಗಿಗಳನ್ನು ರಾಶಿಯ ಮೇಲೆ ವಿಂಗಡಿಸಿದರು! ಮಿಥುನ, ತುಲಾ ರಾಶಿಯವರಿಗೆ ಆಸ್ಪಿರಿನ್‌ನಿಂದ ಲಾಭವೇ ಇಲ್ಲ, ಸ್ವಲ್ಪ ಕೆಟ್ಟದ್ದೇ ಅಂತ ಬಂತು. ಉಳಿದ ಹತ್ತು ರಾಶಿಯವರಿಗೆ ಭರ್ಜರಿ ಲಾಭ. ಹತ್ತಾರು ಕಡೆ ಕತ್ತರಿಸಿದರೆ ಎಲ್ಲೋ ಒಂದು ತುಂಡು ಬೇರೆ ಥರ ಕಾಣಲೇಬೇಕು.

ಹಾಗಾಗಿ ಪ್ರಯೋಗ ಶುರುವಾಗುವ ಮೊದಲೇ ‘ನಾವು ಎಣಿಸುವುದು ಇದನ್ನು’ ಅಂತ ಬರೆದಿಟ್ಟಿದ್ದರಾ ಅಂತ ನೋಡಿ. ಸಾರಾಂಶದ ಕೊನೆಯಲ್ಲಿ ನೋಂದಣಿ ಸಂಖ್ಯೆ ಇರುತ್ತದೆ. ಕ್ಲಿನಿಕಲ್‌ಟ್ರಯಲ್ಸ್ ಡಾಟ್ ಗವ್ ಎಂಬ ತಾಣದಲ್ಲಿ 2000ದಿಂದ ಇಂಥ ದಾಖಲೆ ಸಿಗುತ್ತದೆ. ಇದರಿಂದ ಏನು ಬದಲಾಯಿತು ಗೊತ್ತೇ? ಅಮೆರಿಕ ಸರ್ಕಾರದ ಹೃದಯ ಸಂಸ್ಥೆ ಹಣ ಕೊಟ್ಟ ದೊಡ್ಡ ಪ್ರಯೋಗಗಳನ್ನು 2015ರಲ್ಲಿ ಇಬ್ಬರು ಎಣಿಸಿದರು. 2000ಕ್ಕೆ ಮೊದಲಿನ 30ರಲ್ಲಿ 17 ಪ್ರಯೋಗಗಳಲ್ಲಿ ಚಿಕಿತ್ಸೆಗೆ ಗೆಲುವು. ಆಮೇಲಿನ 25ರಲ್ಲಿ ಗೆದ್ದದ್ದು ಎರಡೇ ಎರಡು. ಇದಕ್ಕೆ ಬೇರೆ ಕಾರಣಗಳೂ ಇರಬಹುದು, ಆದರೆ ಮೊದಲೇ ಬರೆದಿಟ್ಟ ಮೇಲೆ ಗೋಲ್‌ಪೋಸ್ಟ್ ಎತ್ತಿ ಪಕ್ಕಕ್ಕಿಡುವುದು ಕಷ್ಟ ಅನ್ನುವುದಂತೂ ಹೌದು.

ಹಣ ಕೊಟ್ಟವರು ಯಾರು ಅಂತಲೂ ಇಲ್ಲೇ ನೋಡಿಬಿಡಿ. ಕಂಪನಿ ಹಣ ಅಂದ ಮಾತ್ರಕ್ಕೆ ಎಸೆಯಬೇಕಿಲ್ಲ. ಮೇಲೆ ಹೇಳಿದ ಹಲವು ಒಳ್ಳೆಯ ಪ್ರಯೋಗಗಳಿಗೆ ಕಂಪನಿಗಳದ್ದೇ ದುಡ್ಡು.

ಹಂತ 8: ಪರೀಕ್ಷೆಯ ಬಗ್ಗೆ ಸುದ್ದಿಯಾದರೆ ಬೇರೆ ಲೆಕ್ಕ

ಈವರೆಗೆ ಹೇಳಿದ್ದೆಲ್ಲ ಹೆಚ್ಚಾಗಿ ಚಿಕಿತ್ಸೆಯ ಮಾತು. ‘ಹೃದಯದ ಕಾಯಿಲೆಯನ್ನು ಶೇಕಡಾ 90ರಷ್ಟು ಸರಿಯಾಗಿ ಹಿಡಿಯುವ ಪರೀಕ್ಷೆ’ ಅಂತ ಬಂದರೆ ಎರಡು ಪದ ತಿಳಿದಿರಬೇಕು. ಕಾಯಿಲೆ ಇರುವ ನೂರು ಜನರಲ್ಲಿ ಎಷ್ಟು ಜನರನ್ನು ಹಿಡಿಯುತ್ತದೆ ಅನ್ನುವುದು ‘ಸೆನ್ಸಿಟಿವಿಟಿ’. ಕಾಯಿಲೆ ಇಲ್ಲದ ನೂರರಲ್ಲಿ ಎಷ್ಟು ಜನರಿಗೆ ಸರಿಯಾಗಿ ‘ಇಲ್ಲ’ ಅಂತ ಹೇಳುತ್ತದೆ ಅನ್ನುವುದು ‘ಸ್ಪೆಸಿಫಿಸಿಟಿ’.

ಲೆಕ್ಕಕ್ಕಾಗಿ ಮೊದಲನೆಯದು 90, ಎರಡನೆಯದು 80 ಅಂತ ಇಟ್ಟುಕೊಳ್ಳಿ. ಯಾವ ತೊಂದರೆಯೂ ಇಲ್ಲದ ಸಾವಿರ ಜನರನ್ನು ಸುಮ್ನೆ ಕರೆದು ಪರೀಕ್ಷೆ ಮಾಡಿದಿರಿ, ಅವರಲ್ಲಿ 50 ಜನರಿಗೆ ಕಾಯಿಲೆ ಇದೆ ಅನ್ನೋಣ. 45 ಜನ ಸಿಕ್ಕಿಬೀಳುತ್ತಾರೆ. ಕಾಯಿಲೆ ಇಲ್ಲದ 950ರಲ್ಲಿ 190 ಜನರಿಗೂ ‘ಪಾಸಿಟಿವ್’ ಬರುತ್ತದೆ. ಒಟ್ಟು 235 ಪಾಸಿಟಿವ್, ಅದರಲ್ಲಿ ನಿಜವಾದದ್ದು 45. ಐದರಲ್ಲಿ ಒಂದೂ ಇಲ್ಲ. ಅದೇ ಪರೀಕ್ಷೆಯನ್ನು ಎದೆನೋವು ಇರುವ, ಅರ್ಧ ಜನರಿಗೆ ಕಾಯಿಲೆ ಇರುವ ಸಾವಿರ ಜನರ ಮೇಲೆ ಮಾಡಿ. 550 ಪಾಸಿಟಿವ್‌ನಲ್ಲಿ 450 ನಿಜ. ಪರೀಕ್ಷೆ ಬದಲಾಗಿಲ್ಲ, ಕೂತ ಜನ ಬದಲಾಗಿದ್ದಾರೆ. ನೋವೇ ಇಲ್ಲದವರಿಗೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಇಸಿಜಿ) ಪಾಸಿಟಿವ್ ಬಂದಾಗ ವೈದ್ಯರು ಗಾಬರಿಯಾಗದೆ ಇನ್ನಷ್ಟು ಪ್ರಶ್ನೆ ಕೇಳುವುದು ಇದಕ್ಕೇ. ಟ್ರೊಪೋನಿನ್ ರಕ್ತಪರೀಕ್ಷೆಯೂ ಹಾಗೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆ ಅಂತ ಅದು ಹೇಳುತ್ತದೆ, ಪೆಟ್ಟು ಹೇಗಾಯಿತು ಅಂತ ಹೇಳುವುದಿಲ್ಲ. ಮೂತ್ರಪಿಂಡದ ಕಾಯಿಲೆಯಲ್ಲೂ, ಹೃದಯದ ಸ್ನಾಯುವಿನ ಉರಿಯೂತದಲ್ಲೂ ಏರುತ್ತದೆ.

ಪರೀಕ್ಷೆ ಕಾಯಿಲೆ ಹಿಡಿದರೆ ಸಾಕಾ? ಹಿಡಿದದ್ದರಿಂದ ರೋಗಿಗೆ ಏನಾಯಿತು ಅಂತ ಎಣಿಸಿದವರು ಕಡಿಮೆ. ಎಣಿಸಿದವರಲ್ಲಿ ಒಂದು ಸ್ಕಾಟ್‌ಲೆಂಡಿನ ಸ್ಕಾಟ್-ಹಾರ್ಟ್ ಪ್ರಯೋಗ. ಎದೆನೋವು ಇದ್ದ 4,146 ಜನರಲ್ಲಿ ಅರ್ಧ ಜನರಿಗೆ ಮಾಮೂಲು ತಪಾಸಣೆಯ ಜೊತೆ ಸಿಟಿ ಆಂಜಿಯೋಗ್ರಾಂ ಮಾಡಿದರು. ಐದು ವರ್ಷದಲ್ಲಿ ಅಟ್ಯಾಕ್ ಆದವರು ಅಥವಾ ಹೃದಯ ರಕ್ತನಾಳದ ಕಾಯಿಲೆಯಿಂದ ಸತ್ತವರು ನೂರಕ್ಕೆ 2.3, ಮಾಡದವರಲ್ಲಿ 3.9. ಸ್ಟೆಂಟು, ಬೈಪಾಸು ಎರಡೂ ಕಡೆ ಹೆಚ್ಚುಕಮ್ಮಿ ಅಷ್ಟೇ ಆಗಿದ್ದವು. ಸ್ಕ್ಯಾನಿನಲ್ಲಿ ಕೊಬ್ಬು ಕಂಡವರಿಗೆ ಸರಿಯಾದ ಮಾತ್ರೆ ಶುರುವಾದದ್ದೇ ಮುಖ್ಯ ಕಾರಣ ಅನ್ನುತ್ತಾರೆ.

ಹಂತ 9: ಹಾಳೆ ಹಿಡಿದು ಡಾಕ್ಟರ ಹತ್ತಿರ ಹೋಗಿ

ಸುದ್ದಿಯ ಪ್ರಿಂಟ್ ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಟ್ಟರೆ ಬಹಳ ಡಾಕ್ಟರುಗಳಿಗೆ ಸಿಟ್ಟು ಬರುತ್ತದೆ. ಅವರ ಹತ್ತಿರ ಇರುವುದು ಕೆಲವೇ ನಿಮಿಷ. ನಿಮ್ಮ ಹಾಳೆಯಲ್ಲಿ ಈಗ ಐದಾರು ಸಾಲು ಇರಬೇಕು: ಪ್ರಯೋಗದ ಹೆಸರು, ವರ್ಷ, ಯಾರ ಮೇಲೆ, ಯಾವುದರ ಜೊತೆ ಹೋಲಿಕೆ, ಏನು ಎಣಿಸಿದರು, ನೂರಕ್ಕೆ ಎಷ್ಟಿದ್ದದ್ದು ಎಷ್ಟಾಯಿತು. ಅಷ್ಟನ್ನು ತೋರಿಸಿ ಹೀಗೆ ಕೇಳಿ:

“ಡಾಕ್ಟ್ರೇ, ಇದರಲ್ಲಿದ್ದ ರೋಗಿಗಳ ಥರದವನೇ ನಾನು?”

“ಮುಂದಿನ ಹತ್ತು ವರ್ಷದಲ್ಲಿ ನನಗೆ ಅಟ್ಯಾಕ್ ಆಗುವ ಅಪಾಯ ನೂರಕ್ಕೆ ಎಷ್ಟು ಅಂತ ಅಂದಾಜು ಹೇಳುತ್ತೀರಾ? ಈ ಔಷಧಿಯಿಂದ ಅದು ಎಷ್ಟಕ್ಕೆ ಇಳಿಯುತ್ತದೆ?”

“ರಕ್ತಸ್ರಾವದಂಥ ತೊಂದರೆ ನನಗೆ ಎಷ್ಟು ಜಾಸ್ತಿ ಆಗಬಹುದು?”

“ನನ್ನ ಈಗಿನ ಮಾತ್ರೆಗಳಲ್ಲಿ ಯಾವುದು ನೋವಿಗೆ, ಯಾವುದು ಆಯಸ್ಸಿಗೆ?”

ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ನೋವೇ ಇಲ್ಲವಲ್ಲ ಅಂತ ಆಯಸ್ಸಿನ ಮಾತ್ರೆಯನ್ನು ಬಿಟ್ಟುಬಿಡುವವರು ನಮ್ಮ ನಡುವೆ ಕಡಿಮೆ ಏನಿಲ್ಲ. ಉತ್ತರವನ್ನು ಅದೇ ಹಾಳೆಯ ಕೆಳಗೆ ಬರೆದು, ದಿನಾಂಕ ಹಾಕಿ ಫೈಲಿಗೆ ಸೇರಿಸಿ. ಮುಂದಿನ ‘ಹೊಸ ಸಂಶೋಧನೆ’ ಬಂದಾಗ ಮೊದಲು ಆ ಹಾಳೆ ತೆಗೆದು ನೋಡಿ, ಆಮೇಲೆ ಸುದ್ದಿ ಓದಿ.